ತುರಿಕೆ ನಿಂತಿತು, ಮದ್ದು ಗೆದ್ದಿತೆ?

ಮೈ ತುರಿಸುವುದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ತುರಿಕೆ, ನವೆ, ಕೆರೆತ, ಕಡಿತ, ತೀಟೆ. ಉತ್ತರ ಕರ್ನಾಟಕದ ಕೆಲವೆಡೆ ‘ತಿಂಡಿ’ ಎಂದರೂ ತುರಿಕೆಯೇ. ಮೈಸೂರು ಕಡೆಯಿಂದ ಅಲ್ಲಿಗೆ ವರ್ಗವಾಗಿ ಹೋದವರು ‘ಮೈಯೆಲ್ಲಾ ತಿಂಡಿ’ ಎಂಬ ಮಾತು ಕೇಳಿ ತಬ್ಬಿಬ್ಬಾಗುವುದುಂಟು. ಇಷ್ಟೆಲ್ಲ ಪದಗಳಿದ್ದರೂ ತುರಿಕೆ ಎಂದರೇನು ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ತಡವರಿಸಬೇಕಾಗುತ್ತದೆ. ಸ್ಯಾಮುಯೆಲ್ ಹಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯ 1660ರಲ್ಲಿ ಪ್ರಕಟಿಸಿದ ಚರ್ಮರೋಗಗಳ ಗ್ರಂಥದಲ್ಲಿ ಇದಕ್ಕೊಂದು ಉತ್ತರ ಕೊಟ್ಟ. ಕೆರೆದುಕೊಳ್ಳಬೇಕೆಂಬ ಆಸೆಯನ್ನು ಹುಟ್ಟಿಸುವ ಅಹಿತಕರವಾದ ಅನುಭವವೇ ತುರಿಕೆ ಎಂಬುದು ಅದರ ಸಾರ. ಮೂರೂವರೆ ಶತಮಾನ ಕಳೆದರೂ ಚರ್ಮವೈದ್ಯರ ಪಠ್ಯಗಳು ಇದನ್ನು ಕೈಬಿಟ್ಟಿಲ್ಲ.

ಈ ವ್ಯಾಖ್ಯೆಯೊಳಗೇ ಒಂದು ತೊಡಕು ಅಡಗಿ ಕುಳಿತಿದೆ. ಜ್ವರವನ್ನು ಥರ್ಮಾಮೀಟರು ಹೇಳುತ್ತದೆ, ಗಾಯವನ್ನು ಅಳೆಯಬಹುದು, ಹುಣ್ಣು ಮಾಯುವುದು ಕಣ್ಣಿಗೆ ಕಾಣುತ್ತದೆ. ತುರಿಕೆ ಮಾತ್ರ ಅನುಭವಿಸುವವನಿಗಲ್ಲದೆ ಪಕ್ಕದವನಿಗೆ ತಿಳಿಯದು. ಜೊತೆಗೆ ಅದು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಸೊಳ್ಳೆ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ, ಎಂಜಲು ಸವರಿ, ನಿಂಬೆಹಣ್ಣು ಉಜ್ಜಿ, ಏನೂ ಮಾಡದೆ ಸುಮ್ಮನೂ ಇರಿ. ಎಲ್ಲದರಿಂದಲೂ ಸ್ವಲ್ಪ ಹೊತ್ತಿನಲ್ಲಿ ‘ಗುಣ’ ಕಾಣುತ್ತದೆ. ಹೀಗಿರುವಾಗ ತುರಿಕೆಗೆ ಹಚ್ಚುವ ನೂರಾರು ಮದ್ದುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಕಾಲದ ಕೆಲಸಕ್ಕೆ ತನ್ನ ಹೆಸರು ಹಾಕಿಕೊಳ್ಳುತ್ತದೆ ಎಂದು ಹೇಳುವುದು ಹೇಗೆ?

ಮದ್ದುಗಳಿಗಂತೂ ಎಂದೂ ಕೊರತೆಯಿರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ‘ಕಂಡೂಘ್ನ’, ಅಂದರೆ ತುರಿಕೆಯನ್ನು ಕೊಲ್ಲುವ, ಹತ್ತು ದ್ರವ್ಯಗಳ ಗುಂಪೊಂದಿದೆ. ಶ್ರೀಗಂಧ, ಕಕ್ಕೆ, ಹೊಂಗೆ, ಬೇವು, ಸಾಸಿವೆ, ಮರದರಿಸಿನ ಅದರಲ್ಲಿ ಬರುತ್ತವೆ. ನಮ್ಮ ಹಳ್ಳಿಗಳಲ್ಲಿ ಕಜ್ಜಿಗೆ ಹೊಂಗೆಎಣ್ಣೆ ಹಚ್ಚುವವರು, ಬೇವಿನ ಸೊಪ್ಪಿನ ನೀರಿನಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುವವರು ಚರಕನನ್ನು ಓದಿದವರಲ್ಲ, ಆದರೂ ಪಟ್ಟಿ ಬಹುಮಟ್ಟಿಗೆ ಒಂದೇ. ಯುರೋಪಿನ ಪಟ್ಟಿಯಲ್ಲಿ ಗಂಧಕ ಮೊದಲು, ಪಾದರಸ ಅನಂತರ. ಪಾದರಸ ಸವರಿದ ಸೊಂಟಪಟ್ಟಿಯನ್ನು ಕಜ್ಜಿಯವರ ನಡುವಿಗೆ ಕಟ್ಟುವ ಪದ್ಧತಿಯೂ ಅಲ್ಲಿತ್ತು. ಅದು ಕಜ್ಜಿಯ ಜೊತೆಗೆ ಹಲ್ಲನ್ನೂ ಉದುರಿಸುವಂಥ ಚಿಕಿತ್ಸೆ.

ಈ ಗೊಂದಲದಿಂದ ಹೊರಬರಲು ತುರಿಕೆಯ ರೋಗಗಳಲ್ಲಿ ಒಂದಾದರೂ ಕಾರಣ ಕಣ್ಣಿಗೆ ಕಾಣುವಂಥದು ಬೇಕಿತ್ತು. ಆ ಭಾಗ್ಯ ಒದಗಿದ್ದು ಎಲ್ಲಕ್ಕಿಂತ ಹೀನವೆಂದು ಜನ ಮೂಗು ಮುರಿಯುತ್ತಿದ್ದ ಕಜ್ಜಿಗೆ. ವೈದ್ಯರು ಸ್ಕೇಬೀಸ್ ಎನ್ನುವ, ಬೆರಳ ಸಂದಿಯಲ್ಲಿ ಮೊದಲಾಗಿ ರಾತ್ರಿ ನಿದ್ದೆಗೆಡಿಸುವ, ಮನೆಗೊಬ್ಬರಿಗೆ ಬಂದರೆ ಎಲ್ಲರಿಗೂ ಹರಡುವ ತುರಿಕಜ್ಜಿಗೆ.

ಸೂಜಿಯ ತುದಿಯಲ್ಲಿ ಸಿಕ್ಕಿದ ನುಸಿ

ಇಟಲಿಯ ಲಿವೋರ್ನೊ ಆಗ ಟಸ್ಕನಿಯ ದೊಡ್ಡ ಬಂದರು. ಹಡಗುಗಳಿಗೆ ಹುಟ್ಟುಹಾಕಲು ಅಲ್ಲಿ ನೂರಾರು ಗುಲಾಮರನ್ನೂ ಕೈದಿಗಳನ್ನೂ ಒಂದೇ ಸೆರೆಮನೆಯಲ್ಲಿ ಒತ್ತೊತ್ತಾಗಿ ತುಂಬುತ್ತಿದ್ದರು. ಅಲ್ಲಿನ ಯುವ ವೈದ್ಯ ಜೊವಾನಿ ಕೊಸಿಮೊ ಬೊನೊಮೊ ಮತ್ತು ಔಷಧ ಅಂಗಡಿಯ ದಿಯಾಚಿಂತೊ ಚೆಸ್ಟೋನಿ ಒಂದು ಸಂಗತಿಯನ್ನು ಗಮನಿಸಿದರು. ಬಡ ಹೆಂಗಸರು ಕಜ್ಜಿಯ ಮಕ್ಕಳ ಚರ್ಮದಿಂದ ಗುಂಡುಸೂಜಿಯ ತುದಿಯಲ್ಲಿ ಏನನ್ನೋ ತೆಗೆದು ಹಾಕುತ್ತಿದ್ದರು. ಸೆರೆಮನೆಯ ಗುಲಾಮರೂ ಒಬ್ಬರಿಗೊಬ್ಬರು ಹಾಗೆಯೇ ಮಾಡುತ್ತಿದ್ದರು. ಇಬ್ಬರೂ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಆಮೆಯಂಥ ಮೈಯ, ಬಿಳಿಯ, ಚುರುಕಾಗಿ ಓಡಾಡುವ ಪುಟ್ಟ ಜೀವಿ ಕಂಡಿತು. ಒಂದು ಜೀವಿ ಮೊಟ್ಟೆಯಿಡುವುದನ್ನೂ ಕಂಡು ಚಿತ್ರ ಬರೆದುಕೊಂಡರು. 1687ರ ಜುಲೈ 18ರ ದಿನಾಂಕದಲ್ಲಿ ಬೊನೊಮೊ ಹೆಸರಿನಲ್ಲಿ ಈ ವಿಷಯ ಪತ್ರವಾಗಿ ಫ್ರಾನ್ಸೆಸ್ಕೊ ರೆಡಿಗೆ ಹೋಯಿತು. (ಪತ್ರ ನಿಜವಾಗಿ ತನ್ನದೇ ಎಂದು ಚೆಸ್ಟೋನಿ ವರ್ಷಗಳ ಮೇಲೆ ತಕರಾರು ತೆಗೆದ, ಆ ವ್ಯಾಜ್ಯ ಇಲ್ಲಿ ಬೇಡ.)

ತೆಂಗು ಬೆಳೆಯುವವರಿಗೆ ನುಸಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಕಜ್ಜಿಯ ಜೀವಿಯೂ ಆ ದೊಡ್ಡ ಕುಲಕ್ಕೇ ಸೇರಿದ್ದು. ಹೆಣ್ಣು ನುಸಿ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಉದ್ದ, ಬರಿಗಣ್ಣಿಗೆ ಒಂದು ಬಿಳಿ ಚುಕ್ಕೆ. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಅದರಲ್ಲೇ ಮೊಟ್ಟೆಯಿಡುತ್ತದೆ.

ಆ ಪತ್ರ ಯಾರ ಕೈಗೆ ಹೋಯಿತೆಂಬುದು ಗಮನಿಸಬೇಕಾದ ಮಾತು. ಕೊಳೆತ ಮಾಂಸದಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆಂದು ಲೋಕವೆಲ್ಲ ನಂಬಿದ್ದಾಗ, ಕೆಲವು ಪಾತ್ರೆಗಳಲ್ಲಿ ಮಾಂಸವನ್ನು ತೆರೆದಿಟ್ಟು, ಕೆಲವನ್ನು ಮುಚ್ಚಿಟ್ಟು, ನೊಣ ಕೂರಲಾಗದ ಮಾಂಸದಲ್ಲಿ ಹುಳು ಆಗುವುದಿಲ್ಲವೆಂದು 1668ರಲ್ಲಿ ತೋರಿಸಿದವನೇ ಈ ರೆಡಿ. ತೆರೆದ ಪಾತ್ರೆಯ ಪಕ್ಕದಲ್ಲಿ ಒಂದು ಮುಚ್ಚಿದ ಪಾತ್ರೆ. ತುರಿಕೆಯ ಮದ್ದುಗಳ ವಿಷಯದಲ್ಲಿ ಮುಂದಿನ ಮುನ್ನೂರು ವರ್ಷ ಕಾಣೆಯಾಗಿದ್ದದ್ದು ಈ ಮುಚ್ಚಿದ ಪಾತ್ರೆಯೇ.

ಪತ್ರದಲ್ಲಿ ಚಿಕಿತ್ಸೆಯ ಮಾತೂ ಇತ್ತು. ಹೊಟ್ಟೆಗೆ ಕೊಡುವ ಮದ್ದು ಕಜ್ಜಿಗೆ ಏನೂ ಮಾಡದು, ಚರ್ಮದ ಮೇಲೆ ಹಚ್ಚುವ ಲವಣ, ಗಂಧಕ, ಪಾದರಸಗಳೇ ನುಸಿಯನ್ನು ಕೊಲ್ಲುವುದು ಎಂದು ಅದು ಹೇಳಿತು. ವಾಸಿಯಾದಂತೆ ಕಂಡ ಮೇಲೂ ಒಂದೆರಡು ದಿನ ಹಚ್ಚಬೇಕು, ಮೊಟ್ಟೆ ಉಳಿದಿರಬಹುದು ಎಂದೂ ಎಚ್ಚರಿಸಿತು. ನುಸಿ ದೇಹದಿಂದ ಹೊರಗೆ ಎರಡು ಮೂರು ದಿನ ಬದುಕುವುದರಿಂದ ಹಾಸಿಗೆ, ಬಟ್ಟೆಗಳಿಂದಲೂ ರೋಗ ಹರಡುತ್ತದೆಂದು ಸೇರಿಸಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಇದರ ಲೆಕ್ಕ ಚುಕ್ತವಾದದ್ದು ಎರಡೂವರೆ ಶತಮಾನದ ಮೇಲೆ.

ಇಷ್ಟು ಸ್ಪಷ್ಟವಾದ ಶೋಧಕ್ಕೆ ಮನ್ನಣೆ ಸಿಗಲಿಲ್ಲ. ಕಜ್ಜಿ ಕೆಟ್ಟ ರಕ್ತದ, ಕೆಟ್ಟ ದೇಹರಸದ ಫಲ ಎಂಬುದು ಆಗಿನ ಶಾಸ್ತ್ರ. ಪೋಪರ ವೈದ್ಯ ಲಾನ್ಚಿಸಿ ಒಪ್ಪಲಿಲ್ಲ. ಗೆಲಿಲಿಯೋನ ವಿಚಾರಣೆ ನಡೆದ ನೆಲದಲ್ಲಿ ಯುವ ವೈದ್ಯನೊಬ್ಬ ವಾದ ಮುಂದುವರಿಸುವುದು ಸುಲಭವೂ ಅಲ್ಲ. ಬೊನೊಮೊ ಸುಮ್ಮನಾದ. 1703ರಲ್ಲಿ ರಿಚರ್ಡ್ ಮೀಡ್ ಪತ್ರದ ಸಾರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ಇಂಗ್ಲಿಷಿನಲ್ಲಿ ಕೊಟ್ಟ. ಓದಿದವರು ಓದಿದರು, ಮರೆತವರು ಮರೆತರು.

ಚೀಸಿನ ನುಸಿ

ಮರೆವು ಎಷ್ಟು ಆಳವಾಗಿತ್ತೆಂದರೆ ಮುಂದಿನ ಶತಮಾನದಲ್ಲಿ ಪ್ಯಾರಿಸಿನ ದೊಡ್ಡ ವೈದ್ಯರೇ ಅಂಥ ನುಸಿ ಇದೆಯೇ ಇಲ್ಲವೇ ಎಂದು ಜಗಳವಾಡಿದರು. ನೆಪೋಲಿಯನ್ನನ ಸೈನ್ಯದಲ್ಲಿ ಕಜ್ಜಿ ವಿಪರೀತವಾಗಿತ್ತು. ಸ್ವತಃ ಅವನಿಗೂ ತೂಲೋನ್ ಮುತ್ತಿಗೆಯ ಕಾಲದಲ್ಲಿ ಅದು ಅಂಟಿತ್ತೆಂಬ ಮಾತಿದೆ. ಚರ್ಮರೋಗಗಳಿಗೆ ಹೆಸರಾದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಔಷಧ ವಿಭಾಗದಲ್ಲಿದ್ದ ಗಾಲೆಸ್ ಎಂಬಾತ ನುಸಿಯನ್ನು ತಾನು ಕಂಡೆನೆಂದು 1812ರಲ್ಲಿ ಪ್ರಬಂಧ ಬರೆದು, ಚಿತ್ರವನ್ನೂ ಕೊಟ್ಟು, ಹೆಸರು ಮಾಡಿದ. ಆದರೆ ಆಮೇಲೆ ಹುಡುಕಿದವರಾರಿಗೂ ನುಸಿ ಸಿಗಲಿಲ್ಲ. 1829ರಲ್ಲಿ ರಾಸ್ಪೈ ಎಂಬ ವಿಜ್ಞಾನಿ ಗುಟ್ಟು ಬಯಲು ಮಾಡಿದ. ಗಾಲೆಸನ ಚಿತ್ರದಲ್ಲಿದ್ದದ್ದು ಹಳೆಯ ಚೀಸಿನಲ್ಲಿ ಬೀಳುವ ನುಸಿ! ಕಜ್ಜಿಯ ನುಸಿಯೆಂಬುದೇ ಸುಳ್ಳು ಎಂಬ ಪಕ್ಷಕ್ಕೆ ಬಲ ಬಂತು. ತೋರಿಸಿದವರಿಗೆ ಮುನ್ನೂರು ಫ್ರಾಂಕ್ ಬಹುಮಾನ ಎಂದು ಲುಗೋಲ್ ಎಂಬ ವೈದ್ಯ ಪಂಥ ಕಟ್ಟಿದ.

1834ರ ಆಗಸ್ಟಿನಲ್ಲಿ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ರೆನೂಚಿ ಅದೇ ಆಸ್ಪತ್ರೆಯಲ್ಲಿ ಎಲ್ಲರೆದುರು ರೋಗಿಯೊಬ್ಬಳ ಕೈಯಿಂದ ಸೂಜಿಯ ಮೊನೆಯಲ್ಲಿ ನುಸಿಯನ್ನು ಎತ್ತಿ ತೋರಿಸಿದ. ತನ್ನ ಊರಿನ ಹೆಂಗಸರು ಮಾಡುವುದನ್ನು ನೋಡಿ ಕಲಿತ ವಿದ್ಯೆ ಅದು. ಪ್ಯಾರಿಸಿನ ಪಂಡಿತರು ಎಡವಿದ್ದೆಲ್ಲಿ? ಅವರು ತುರಿಸುವ ಗುಳ್ಳೆಯನ್ನು ಒಡೆದು ಒಳಗೆ ಹುಡುಕುತ್ತಿದ್ದರು. ನುಸಿ ಇರುವುದು ಗುಳ್ಳೆಯಲ್ಲಲ್ಲ, ಅದರಿಂದಾಚೆ ಹೊರಟ ಕೂದಲೆಳೆಯಂಥ ಸುರಂಗದ ಕೊನೆಯಲ್ಲಿ. ಕಾರ್ಸಿಕಾದ ಅಜ್ಜಿಯರಿಗೂ ಲಿವೋರ್ನೊದ ಗುಲಾಮರಿಗೂ ತಿಳಿದಿದ್ದ ಈ ಸಣ್ಣ ವಿಷಯ ಪ್ರಾಧ್ಯಾಪಕರಿಗೆ ತಿಳಿದಿರಲಿಲ್ಲ.

ಗಾಲೆಸನ ಕಥೆಯಲ್ಲಿ ಇನ್ನೊಂದು ತಮಾಷೆಯಿದೆ. ಕಜ್ಜಿಯವರನ್ನು ಪೆಟ್ಟಿಗೆಯಲ್ಲಿ ಕೂರಿಸಿ, ತಲೆ ಮಾತ್ರ ಹೊರಗಿಟ್ಟು, ಗಂಧಕದ ಹೊಗೆ ಹಾಕುವ ಯಂತ್ರವೊಂದನ್ನು ಅವನು ಮಾಡಿಸಿದ್ದ. 1816ರಲ್ಲಿ ಅದರ ವರದಿಯನ್ನೂ ಪ್ರಕಟಿಸಿದ. ಗಂಧಕ ನುಸಿಯನ್ನು ಕೊಲ್ಲುವುದು ನಿಜ. ಪುರಾವೆ ಖೋಟಾ, ಮದ್ದು ಅಸಲಿ. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಹೋಮಿಯೋಪಥಿಯ ಹಾನಿಮನ್ ದೀರ್ಘಕಾಲದ ಬಹುತೇಕ ರೋಗಗಳಿಗೆ ‘ಸೋರಾ’ ಎಂಬ ತುರಿಕೆಯ ದೋಷವೇ ಮೂಲ, ಹೊರಗಿನ ಮುಲಾಮಿನಿಂದ ಅದನ್ನು ಅದುಮಿದರೆ ರೋಗ ಒಳಗಿಳಿಯುತ್ತದೆ ಎಂಬ ಸಿದ್ಧಾಂತವನ್ನು 1828ರಲ್ಲಿ ಮುಂದಿಟ್ಟ. ‘ಹೊರಗೆ ಹಚ್ಚಿದರೆ ಒಳಕ್ಕೆ ಹೋಗುತ್ತೆ’ ಎಂದು ನಮ್ಮಲ್ಲಿ ಈಗಲೂ ಕೇಳಿಬರುವ ಮಾತಿಗೆ ಇಂಥ ದೊಡ್ಡ ವಂಶಾವಳಿಯಿದೆ.

ನುಸಿ ಸಿಕ್ಕ ಮೇಲೆ ಚಿಕಿತ್ಸೆ ಚುರುಕಾಯಿತು. ಸೇಂಟ್ ಲೂಯಿಯಲ್ಲಿ ಬಾಜಾನ್ ಎಂಬ ವೈದ್ಯ ತುರಿಸುವ ಕಡೆ ಮಾತ್ರವಲ್ಲ, ಮೈಗೆಲ್ಲ ಮುಲಾಮು ಹಚ್ಚಬೇಕೆಂದ. ಅವನ ಸಹೋದ್ಯೋಗಿ ಆರ್ಡಿ ಇಡೀ ಚಿಕಿತ್ಸೆಯನ್ನು ಎರಡು ಗಂಟೆಗೆ ಇಳಿಸಿದ. ಅರ್ಧ ಗಂಟೆ ಸಾಬೂನಿನಿಂದ ಗಸಗಸ ಉಜ್ಜುವುದು, ಒಂದು ಗಂಟೆ ಸ್ನಾನ, ಅರ್ಧ ಗಂಟೆ ಗಂಧಕದ ಮುಲಾಮಿನ ತಿಕ್ಕು. ರೋಗಿಗಳು ಹಿಂಡು ಹಿಂಡಾಗಿ ಬಂದು ಹೋದರು. ಆದರೆ ಈ ಎರಡು ಗಂಟೆಯಲ್ಲಿ ಕೆಲಸ ಮಾಡಿದ್ದು ಉಜ್ಜಾಟವೋ, ಸ್ನಾನವೋ, ಗಂಧಕವೋ? ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಸುಮಾರು ತೊಂಬತ್ತು ವರ್ಷ ಹಾಗೆಯೇ ನಡೆಯಿತು.

ಶೆಫೀಲ್ಡಿನ ಮನೆ

ಬಿಡಿಸಿ ನೋಡಿದವನು ವೈದ್ಯನಲ್ಲ, ಕೀಟವಿಜ್ಞಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಜ್ಜಿ ಲಕ್ಷಾಂತರ ಜನಕ್ಕೆ ಹರಡಿತು. ಸೈನಿಕರು ವಾರಗಟ್ಟಲೆ ಆಸ್ಪತ್ರೆ ಸೇರುತ್ತಿದ್ದರು. ಅವರ ಕಂಬಳಿಗಳನ್ನೆಲ್ಲ ಬಿಸಿಗೂಡುಗಳಲ್ಲಿ ಬೇಯಿಸಿ ತೆಗೆಯಲು ದುಡ್ಡು, ಕಲ್ಲಿದ್ದಲು, ಆಳುಗಳು ಖರ್ಚಾಗುತ್ತಿದ್ದರು. ಬಟ್ಟೆಯಿಂದ ಕಜ್ಜಿ ಹರಡುತ್ತದೆಂಬ ಬೊನೊಮೊನ ಮಾತನ್ನು ಅಷ್ಟು ಹೊತ್ತಿಗೆ ಎಲ್ಲರೂ ಒಪ್ಪಿಬಿಟ್ಟಿದ್ದರು. ಪರೀಕ್ಷಿಸಿದವರಿರಲಿಲ್ಲ.

ಕೆನೆತ್ ಮೆಲನ್‌ಬಿ ಪರೀಕ್ಷಿಸಲು ಹೊರಟ. ಮನುಷ್ಯನ ಕಜ್ಜಿಯ ನುಸಿಯನ್ನು ಪ್ರಾಣಿಗಳ ಮೇಲೆ ಸಾಕುವಂತಿಲ್ಲ, ಮನುಷ್ಯರೇ ಬೇಕು. ಯುದ್ಧ ಪಾಪವೆಂಬ ನಂಬಿಕೆಯಿಂದ ಬಂದೂಕು ಹಿಡಿಯಲು ಒಪ್ಪದ ಯುವಕರು ಆಗ ಅಲ್ಲಿ ಇದ್ದರು. ಹೇಡಿಗಳೆಂಬ ಬಯ್ಗುಳ ಅವರ ಪಾಲಿಗೆ ಬಂದಿತ್ತು. ಕೊಲ್ಲದೆ ಕಷ್ಟಪಡುವ ಕೆಲಸವಿದ್ದರೆ ಕೊಡಿ ಎನ್ನುವಂತಿದ್ದ ಅವರಲ್ಲಿ ಹನ್ನೆರಡು ಮಂದಿ 1941ರಲ್ಲಿ ಶೆಫೀಲ್ಡ್ ನಗರದ ದೊಡ್ಡ ಮನೆಯೊಂದರಲ್ಲಿ ಮೆಲನ್‌ಬಿಯ ಬಳಿ ಸೇರಿದರು. ಆ ಮನೆಗೆ ಸೋರ್ಬಿ ಸಂಶೋಧನಾ ಸಂಸ್ಥೆಯೆಂದು ಹೆಸರಾಯಿತು.

ಮೊದಲ ಕೆಲಸ ಕಜ್ಜಿ ಹತ್ತಿಸಿಕೊಳ್ಳುವುದು. ಕಜ್ಜಿಯ ಸೈನಿಕರು ಬಿಚ್ಚಿಟ್ಟ ಒಳಉಡುಪನ್ನು ಒಗೆಯದೆ ಇವರು ತೊಟ್ಟರು. ರೋಗಿಗಳ ಕಂಬಳಿಗಳ ನಡುವೆ ಬೆತ್ತಲೆಯಾಗಿ ಮಲಗಿದರು. ವಾರಗಳು ಕಳೆದವು, ಯಾರಿಗೂ ಏನೂ ಆಗಲಿಲ್ಲ. ಇಂಥ 63 ಪ್ರಯೋಗಗಳಲ್ಲಿ ಕಜ್ಜಿ ಹತ್ತಿದ್ದು ಕೇವಲ ಎರಡರಲ್ಲಿ. ಕೊನೆಗೆ ಕಜ್ಜಿಯ ರೋಗಿಗಳೊಂದಿಗೇ ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದಾಗ ಹತ್ತಿತು. ಹರಡುವುದು ಮುಖ್ಯವಾಗಿ ಮೈಯಿಂದ ಮೈಗೆ, ಬಟ್ಟೆಯಿಂದ ಅಪರೂಪವಾಗಿ. ಕಂಬಳಿ ಬೇಯಿಸುವ ಬಿಸಿಗೂಡುಗಳು ನಿಂತವು.

ಮುಂದಿನದು ಇನ್ನೂ ಮುಖ್ಯ. ಕಜ್ಜಿ ಹತ್ತಿದವರ ಚರ್ಮದಲ್ಲಿ ನುಸಿಗಳು ಸುರಂಗ ತೋಡಿ ಮೊಟ್ಟೆಯಿಡುತ್ತಿದ್ದುದು ಲೆನ್ಸಿನಲ್ಲಿ ಕಾಣುತ್ತಿತ್ತು. ಆದರೆ ಅವರಿಗೆ ತುರಿಕೆಯೇ ಇರಲಿಲ್ಲ! ಸುಮಾರು ಒಂದು ತಿಂಗಳ ಮೇಲೆ ಶುರುವಾದ ನವೆ ಬರಬರುತ್ತ ರಾತ್ರಿಗಳನ್ನೇ ನುಂಗಿತು. ಔಷಧ ಪಕ್ಕದಲ್ಲೇ ಇದ್ದರೂ ಹಚ್ಚಿಕೊಳ್ಳುವಂತಿಲ್ಲ. ತಿಂಗಳುಗಟ್ಟಲೆ ಅದನ್ನು ಸಹಿಸಿದರು. ಒಮ್ಮೆ ವಾಸಿಯಾದವರಿಗೆ ಮತ್ತೆ ನುಸಿ ಹತ್ತಿಸಿದರೆ ತುರಿಕೆ ಒಂದೇ ದಿನದಲ್ಲಿ ಬಂತು. ಅಂದರೆ ತುರಿಕೆ ನುಸಿಯ ಕಚ್ಚಾಟವಲ್ಲ, ಅದರ ವಿರುದ್ಧ ದೇಹ ಎಬ್ಬಿಸುವ ಗಲಾಟೆ, ಒಂದು ಬಗೆಯ ಅಲರ್ಜಿ. ಮೆಲನ್‌ಬಿ 886 ಸೈನಿಕರ ಮೈಯಲ್ಲಿ ಹೆಣ್ಣು ನುಸಿಗಳನ್ನು ಒಂದೊಂದಾಗಿ ಎಣಿಸಿದಾಗ ಸಿಕ್ಕಿದ ಸರಾಸರಿ ಹನ್ನೊಂದು ಚಿಲ್ಲರೆ. ಇಡೀ ಮೈ ಹೊತ್ತಿ ಉರಿಸಲು ಹನ್ನೊಂದು ಚುಕ್ಕೆ ಸಾಕು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೈ ಮತ್ತು ಮಣಿಕಟ್ಟಿನಲ್ಲೇ ಇದ್ದವು. ತುರಿಕೆ ಮಾತ್ರ ನುಸಿಯಿಲ್ಲದ ಹೊಟ್ಟೆ, ತೊಡೆಗಳಲ್ಲೂ ಇತ್ತು.

ಹಾಗಾದರೆ ಮದ್ದಿನ ಪರೀಕ್ಷೆಯಲ್ಲಿ ತುರಿಕೆಯನ್ನು ಕೇಳಿ ಪ್ರಯೋಜನವಿಲ್ಲ. ನುಸಿಯನ್ನು ಕೇಳಬೇಕು. ಮೆಲನ್‌ಬಿ ಮಾಡಿದ್ದು ಅದನ್ನೇ. ಚಿಕಿತ್ಸೆಯಾದವರ ಮೈಯಲ್ಲಿ ಜೀವಂತ ನುಸಿ ಇದೆಯೇ ಎಂದು ಸೂಜಿ, ಲೆನ್ಸು ಹಿಡಿದು ಹುಡುಕಿದ. 1937ರಲ್ಲಿ ಕೋಪನ್‌ಹೇಗನ್ನಿನ ಕಿಸ್‌ಮಾಯರ್ ಪ್ರಚಾರಕ್ಕೆ ತಂದಿದ್ದ ಬೆಂಜೈಲ್ ಬೆಂಜೊಯೇಟ್ ಎಂಬ ಲೋಷನ್ನನ್ನು ಕುತ್ತಿಗೆಯಿಂದ ಕೆಳಗೆ ಒಂದು ಚೂರೂ ಬಿಡದೆ ಒಮ್ಮೆ ಹಚ್ಚಿದರೆ ಬಹುತೇಕ ಎಲ್ಲರಲ್ಲೂ ನುಸಿ ಸತ್ತಿತ್ತು. (ಇದೂ ಪೂರ್ತಿ ಹೊಸ ಮದ್ದಲ್ಲ. ಮಧ್ಯ ಅಮೆರಿಕದ ಮರವೊಂದರಿಂದ ಸಿಗುವ, ಬಹುಕಾಲದಿಂದ ಕಜ್ಜಿಗೆ ಹಚ್ಚುತ್ತಿದ್ದ ‘ಪೆರು ಬಾಲ್ಸಮ್’ ಎಂಬ ಅಂಟಿನ ಮುಖ್ಯ ಅಂಶ.) ಚರ್ಮ ಕೆಂಪಾಗುವಂತೆ ಬ್ರಷ್ಷಿನಿಂದ ಉಜ್ಜುವುದು ಅನಗತ್ಯವೆಂದೂ ತಿಳಿಯಿತು. ಸೈನಿಕರನ್ನು ತಲೆಮಾರುಗಳಿಂದ ಗೋಳು ಹೊಯ್ದುಕೊಂಡ ಆ ಉಜ್ಜಾಟಕ್ಕೆ ಯಾವ ಆಧಾರವೂ ಇರಲಿಲ್ಲ.

ನುಸಿ ಸತ್ತ ಮೇಲೂ ತುರಿಕೆ ತಕ್ಷಣ ನಿಲ್ಲುವುದಿಲ್ಲ ಎಂಬುದೂ ಖಚಿತವಾಯಿತು. ಸತ್ತ ನುಸಿಯ ಅವಶೇಷ ಚರ್ಮದಲ್ಲಿರುವವರೆಗೆ, ಎರಡರಿಂದ ನಾಲ್ಕು ವಾರ, ದೇಹದ ಗಲಾಟೆ ನಡೆದೇ ಇರುತ್ತದೆ. ಇದನ್ನರಿಯದವರು ಮದ್ದು ಸೋತಿತೆಂದು ಮತ್ತೆ ಮತ್ತೆ ಹಚ್ಚಿ ಚರ್ಮವನ್ನು ಸುಟ್ಟುಕೊಳ್ಳುತ್ತಾರೆ. ಆ ಹೊಸ ಉರಿಯನ್ನು ಹಳೆಯ ಕಜ್ಜಿಯೆಂದೇ ತಿಳಿದು ಇನ್ನಷ್ಟು ಹಚ್ಚುತ್ತಾರೆ. ಇಂದಿಗೂ ನಡೆಯುವ ತಪ್ಪಿದು.

ಶೆಫೀಲ್ಡಿನ ಯುವಕರು ಮುಂದೆ ಜೀವಸತ್ವಗಳಿಲ್ಲದ ಆಹಾರ ತಿಂದು, ನೀರು ಬಿಟ್ಟು, ಇನ್ನೂ ಹಲವು ಪ್ರಯೋಗಗಳಿಗೆ ಮೈ ಒಡ್ಡಿದರು. ಮೆಲನ್‌ಬಿ ಅವರ ಬಗ್ಗೆ 1945ರಲ್ಲಿ ಪುಸ್ತಕ ಬರೆದ. ಮರುವರ್ಷ ನಾತ್ಸಿ ವೈದ್ಯರ ವಿಚಾರಣೆ ನ್ಯೂರೆಂಬರ್ಗಿನಲ್ಲಿ ಆರಂಭವಾದಾಗ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ವರದಿಗಾರನಾಗಿ ಅಲ್ಲಿ ಕುಳಿತವನೂ ಅವನೇ. ಮನುಷ್ಯರ ಮೇಲೆ ನಡೆದ ಪ್ರಯೋಗದ ಎರಡು ಮುಖಗಳನ್ನೂ ಅಷ್ಟು ಹತ್ತಿರದಿಂದ ಕಂಡವರು ವಿರಳ.

ನಸುಗುನ್ನಿಯ ಉಪಕಾರ

ಕಜ್ಜಿಗಾದರೆ ನುಸಿಯನ್ನು ಎಣಿಸಬಹುದು. ಒಣಚರ್ಮ, ಇಸಬು, ಬೆವರುಗುಳ್ಳೆಗಳಲ್ಲಿ ಎಣಿಸುವುದು ಏನನ್ನು? ಅಲ್ಲಿ ಪರೀಕ್ಷಕನಿಗೆ ಬೇಕಾದದ್ದು ತನಗೆ ಬೇಕಾದಾಗ, ಬೇಕಾದ ಜಾಗದಲ್ಲಿ, ಒಂದೇ ಪ್ರಮಾಣದಲ್ಲಿ ಬರುವ ತುರಿಕೆ. ಅದನ್ನು ಒದಗಿಸಿದ್ದು ನಮ್ಮ ಬೇಲಿಯ ಬಳ್ಳಿ.

ನಸುಗುನ್ನಿ ಕಾಯಿಯ ರೋಮ ತಾಗಿದವರಿಗೆ ಅದರ ಪ್ರತಾಪ ಗೊತ್ತು. ಶಾಲೆಯಲ್ಲಿ ಅದನ್ನು ಬೆಂಚಿನ ಮೇಲೆ ಉದುರಿಸಿ ಪೆಟ್ಟು ತಿಂದ ಹುಡುಗರು ಪ್ರತಿ ಊರಿನಲ್ಲೂ ಇರುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಕೌಹೇಜ್ ಎನ್ನುತ್ತಾರೆ, ಹಸುವಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿಯ ಹೆಸರು ಕಿವಾಂಚ್, ಕೌಂಚ್ ಎಂಬುದೇ ಬಾಯಿಂದ ಬಾಯಿಗೆ ಹಾಗಾಯಿತು. 1955ರಲ್ಲಿ ಅಮೆರಿಕದ ಶೆಲ್ಲಿ ಮತ್ತು ಆರ್ಥರ್ ಎಂಬ ಚರ್ಮವೈದ್ಯರು ಈ ರೋಮದಲ್ಲಿರುವ, ಪ್ರೊಟೀನನ್ನು ಕತ್ತರಿಸುವ ಕಿಣ್ವವೇ ತುರಿಕೆಗೆ ಕಾರಣವೆಂದು ತೋರಿಸಿದರು. ಅಂದಿನಿಂದ ಪ್ರಯೋಗಾಲಯಗಳಲ್ಲಿ ಚಿಮಟದಿಂದ ಎಣಿಸಿ ಕೆಲವೇ ರೋಮಗಳನ್ನು ಮುಂಗೈ ಮೇಲಿಟ್ಟು, ಒಂದು ಕೈಗೆ ಮದ್ದಿನ ಮುಲಾಮು, ಇನ್ನೊಂದಕ್ಕೆ ಮದ್ದಿಲ್ಲದ ಬರೀ ಮುಲಾಮು ಹಚ್ಚಿ ಹೋಲಿಸುತ್ತಾರೆ. ರೆಡಿಯ ತೆರೆದ ಪಾತ್ರೆ, ಮುಚ್ಚಿದ ಪಾತ್ರೆಗಳೇ ಇವು. ತುರಿಕೆಯ ಪ್ರಮಾಣ ಹೇಳಲು ಹತ್ತು ಸೆಂಟಿಮೀಟರಿನ ಗೆರೆಯ ಮೇಲೆ ಗುರುತು ಹಾಕಿಸುತ್ತಾರೆ. ಒರಟು ಅಳತೆಯೇ, ಆದರೂ ಅಳತೆ.

ಇದರಿಂದ ತಿಳಿದದ್ದು ಸಣ್ಣ ವಿಷಯವಲ್ಲ. ಸೊಳ್ಳೆ ಕಡಿತ, ಪಿತ್ತಗಂಧೆಗಳ ತುರಿಕೆ ಹಿಸ್ಟಮಿನ್ ಎಂಬ ರಾಸಾಯನಿಕದ ಮೂಲಕ ಬರುತ್ತದೆ. ನಸುಗುನ್ನಿಯ ತುರಿಕೆಗೆ ಅದು ಬೇಕಿಲ್ಲ, ಅದಕ್ಕೆ ಬೇರೆಯದೇ ನರಗಳ ದಾರಿ. ಹಿಸ್ಟಮಿನ್ ತಡೆಯುವ ಮಾತ್ರೆ ಪಿತ್ತಗಂಧೆಯನ್ನು ಅಡಗಿಸಿ ಇಸಬಿನ ಮುಂದೆ ಕೈಚೆಲ್ಲುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ತುರಿಕೆಯಲ್ಲಿ ಮನಸ್ಸಿನ ಪಾಲೂ ದೊಡ್ಡದು. ಜರ್ಮನಿಯಲ್ಲಿ ತುರಿಕೆಯ ಬಗ್ಗೆ ಸಾರ್ವಜನಿಕ ಉಪನ್ಯಾಸ ಏರ್ಪಡಿಸಿ, ನುಸಿ, ಚಿಗಟಗಳ ಚಿತ್ರ ತೋರಿಸುವಾಗ ಸಭಿಕರನ್ನು ಗುಟ್ಟಾಗಿ ಚಿತ್ರೀಕರಿಸಿದರು. ಜನ ಹೆಚ್ಚು ಹೆಚ್ಚು ಕೆರೆದುಕೊಂಡರೆಂದು 2000ದಲ್ಲಿ ಪ್ರಕಟವಾದ ಆ ವರದಿ ಹೇಳುತ್ತದೆ. ಇದನ್ನು ಓದುತ್ತ ನಿಮ್ಮ ಕೈ ಎಲ್ಲಿಗಾದರೂ ಹೋಗಿದ್ದರೆ ಸಂಕೋಚ ಬೇಡ. ಕಲ್ಪನೆಯಿಂದ ಬರುವಂಥದು ಕಲ್ಪನೆಯಿಂದ ಹೋಗುವುದೂ ಉಂಟು. ಆದ್ದರಿಂದಲೇ ಮದ್ದಿಲ್ಲದ ಮುಲಾಮು ಹಚ್ಚಿದ ಕೈಯೂ ಎಷ್ಟೋ ಹಿತ ಕಾಣುತ್ತದೆ. 1940ರ ದಶಕದಲ್ಲಿ ಬಂದ ಕ್ರೊಟಾಮಿಟಾನ್ ಎಂಬ ಲೋಷನ್ ತುರಿಕೆಗೆ ಹೇಳಿಮಾಡಿಸಿದ್ದೆಂದು ಲೋಕದಲ್ಲೆಲ್ಲ ಮಾರಾಟವಾಯಿತು. 1984ರಲ್ಲಿ ಅದನ್ನು ಕ್ರೊಟಾಮಿಟಾನ್ ಇಲ್ಲದ ಅದೇ ಲೋಷನ್ನಿನ ಪಕ್ಕದಲ್ಲಿಟ್ಟು ಅಮೆರಿಕದಲ್ಲಿ ಪರೀಕ್ಷಿಸಿದಾಗ ಎರಡೂ ಸಮಸಮ ಬಂದವು. ಹಿತ ಸುಳ್ಳಲ್ಲ, ಆದರೆ ಹಿತ ಕೊಟ್ಟದ್ದು ಸೀಸೆಯ ಮೇಲೆ ಹೆಸರಿದ್ದ ಮದ್ದಲ್ಲ.

ಬೇವು ಅರಿಸಿನಗಳಿಗೂ ಈ ಮಾತು ಅನ್ವಯಿಸುತ್ತದೆ. ಬೇವಿನ ಸೊಪ್ಪು, ಅರಿಸಿನ ಅರೆದ ಲೇಪವನ್ನು ಕಜ್ಜಿಯ 814 ಮಂದಿಗೆ ಹಚ್ಚಿ, ನೂರಕ್ಕೆ 97 ಮಂದಿ ಮೂರರಿಂದ ಹದಿನೈದು ದಿನದಲ್ಲಿ ಗುಣವಾದರೆಂದು ಭಾರತದ ಇಬ್ಬರು ವೈದ್ಯರು 1992ರಲ್ಲಿ ವರದಿ ಮಾಡಿದರು. ಸಂತೋಷದ ಅಂಕಿ. ಅಗ್ಗದ, ಹಿತ್ತಲಿನ ಮದ್ದು. ಆದರೆ ಪಕ್ಕದಲ್ಲಿ ಬೇರೆ ಮದ್ದು ಹಚ್ಚಿದ ಇನ್ನೊಂದು ಗುಂಪು ಇರಲಿಲ್ಲ. ಇದ್ದಿದ್ದರೆ ಆ ಗುಂಪಿನ ಅಂಕಿ 30 ಬರುತ್ತಿತ್ತೋ 95 ಬರುತ್ತಿತ್ತೋ ಹೇಳುವಂತಿಲ್ಲ. ಬೇವನ್ನು ತಳ್ಳಿಹಾಕಲು ಇದು ಕಾರಣವಲ್ಲ; ಸರಿಯಾಗಿ ಹೋಲಿಸಿ ನೋಡಬೇಕಾದ ಋಣ ನಮ್ಮ ಮೇಲಿದೆ ಎಂದಷ್ಟೇ.

ಪಕ್ಕದ ಗುಂಪು ಏನು ಹೇಳಬಲ್ಲದೆಂಬುದಕ್ಕೆ ಫಿಜಿ ದ್ವೀಪಗಳನ್ನು ನೋಡಬಹುದು. ಅಲ್ಲಿ ಊರೂರುಗಳನ್ನೇ ಮೂರು ಗುಂಪು ಮಾಡಿದರು. ಒಂದರಲ್ಲಿ ಕಜ್ಜಿಯಾದವರಿಗೂ ಅವರ ಸಂಪರ್ಕದವರಿಗೂ ಮಾತ್ರ ಎಂದಿನಂತೆ ಪರ್ಮೆಥ್ರಿನ್ ಮುಲಾಮು, ಇನ್ನೊಂದರಲ್ಲಿ ಊರಿಗೆಲ್ಲ ಅದೇ ಮುಲಾಮು, ಮೂರನೆಯದರಲ್ಲಿ ಊರಿಗೆಲ್ಲ ಐವರ್‌ಮೆಕ್ಟಿನ್ ಮಾತ್ರೆ. ವರ್ಷದ ಮೇಲೆ ಕಜ್ಜಿ ಕ್ರಮವಾಗಿ ನೂರಕ್ಕೆ 49, 62 ಮತ್ತು 94ರಷ್ಟು ಇಳಿದಿತ್ತು ಎಂಬುದು 2015ರಲ್ಲಿ ಪ್ರಕಟವಾದ ಫಲಿತಾಂಶ. ಊರಿಗೆಲ್ಲ ಮುಲಾಮು ಹಂಚುವುದನ್ನು ಮಾತ್ರ ನೋಡಿದ್ದರೆ 62 ಅಂಶದ ಯಶಸ್ಸು ಎಂದು ಬೀಗಬಹುದಿತ್ತು. ಎಂದಿನ ಚಿಕಿತ್ಸೆಯಿಂದಲೇ 49 ಬರುತ್ತಿತ್ತು. ಹೊಟ್ಟೆಗೆ ಕೊಡುವ ಮದ್ದು ಕಜ್ಜಿಗೆ ಆಗದೆಂದ ಬೊನೊಮೊ ಇಲ್ಲಿಯೂ ಸೋತ, ಅದೂ 328 ವರ್ಷಗಳ ಮೇಲೆ.

ಇದಕ್ಕೆ ತಿರುಗುಮುರುಗಾದ ಕಥೆ ನಮ್ಮ ಔಷಧ ಅಂಗಡಿಗಳಲ್ಲಿ ನಡೆಯುತ್ತಿದೆ. 1952ರಲ್ಲಿ ನ್ಯೂಯಾರ್ಕಿನ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಹೈಡ್ರೊಕಾರ್ಟಿಸೋನ್ ಮುಲಾಮು ಇಸಬಿಗೆ ಹಿತವೆಂದು ತೋರಿಸಿದ್ದು ಚರ್ಮವೈದ್ಯದ ದೊಡ್ಡ ಘಟ್ಟ. ಅದರ ಹತ್ತಾರು ಪಟ್ಟು ಶಕ್ತಿಯ ಸ್ಟೆರಾಯ್ಡುಗಳು ಹಿಂದೆಯೇ ಬಂದವು. ದೇಹದ ಗಲಾಟೆಯನ್ನು ಅಡಗಿಸುವುದು ಇವುಗಳ ಕೆಲಸ. ಇಸಬಿನಲ್ಲಿ ಗಲಾಟೆಯೇ ರೋಗ, ಆದ್ದರಿಂದ ಅಲ್ಲಿ ಇವು ವರ. ಹುಳುಕಡ್ಡಿಯಲ್ಲಿ ಹಾಗಲ್ಲ. ಅಲ್ಲಿ ಚರ್ಮದಲ್ಲಿ ಬೇರೂರಿರುವುದು ಬೂಷ್ಟಿನ ಜಾತಿಯ ಶಿಲೀಂಧ್ರ, ಗಲಾಟೆ ದೇಹದ ಕಾವಲು. ಸ್ಟೆರಾಯ್ಡು ಕಾವಲುಗಾರನನ್ನು ಮಲಗಿಸುತ್ತದೆ. ತುರಿಕೆ ಒಂದೇ ರಾತ್ರಿಯಲ್ಲಿ ನಿಲ್ಲುತ್ತದೆ, ಕೆಂಪು ಮಾಸುತ್ತದೆ, ಶಿಲೀಂಧ್ರ ಸುತ್ತಲೂ ಹಬ್ಬುತ್ತದೆ. ಗುರುತೇ ಸಿಗದಂತೆ ವೇಷ ಮರೆಸಿಕೊಂಡ ಈ ಹುಳುಕಡ್ಡಿಯನ್ನು 1968ರಲ್ಲಿಯೇ ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ವರ್ಣಿಸಿದ್ದರು.

ನಮ್ಮಲ್ಲಿ ಸ್ಟೆರಾಯ್ಡು, ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದುಗಳನ್ನು ಒಂದೇ ಟ್ಯೂಬಿನಲ್ಲಿ ಬೆರೆಸಿ ಮಾರುವ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಮನೆಮನೆ ಸೇರಿದವು. ಕಳೆದ ದಶಕದಿಂದ ಯಾವ ಮದ್ದಿಗೂ ಸುಲಭವಾಗಿ ಬಗ್ಗದ ಹುಳುಕಡ್ಡಿ ದೇಶದುದ್ದಕ್ಕೂ ಹೆಚ್ಚಿರುವುದಕ್ಕೆ ಚರ್ಮವೈದ್ಯರು ಬೊಟ್ಟು ಮಾಡುವ ಕಾರಣಗಳಲ್ಲಿ ಇದೂ ಒಂದು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೆರಾಯ್ಡು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲದ ‘ಎಚ್’ ಅನುಸೂಚಿಗೆ ಸೇರಿಸಿತು. ಅಂಗಡಿಯವನಿಗೆ ತೊಡೆಸಂದಿಯ ತುರಿಕೆಯೆಂದು ಪಿಸುಮಾತಿನಲ್ಲಿ ಹೇಳಿದರೆ ಆ ಟ್ಯೂಬು ಅನೇಕ ಕಡೆ ಈಗಲೂ ಸಿಗುತ್ತದೆ. ಕೊಂಡವನು ಮರುದಿನ ಅಂಗಡಿಯ ಮುಂದೆ ಹಾಯುವಾಗ ಮದ್ದು ಚೆನ್ನಾಗಿ ನಾಟಿತು ಎಂದು ಹೇಳಿಯೂ ಹೋಗುತ್ತಾನೆ.